ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಾಯಿಹುಣ್ಣು: ಅರಿಸಿನ, ಜೇನು ಮತ್ತು ಉಪ್ಪುನೀರು

ಶಿವಮೊಗ್ಗೆಯಿಂದ ಸಾಗರದ ಕಡೆಗೆ ಹೊರಟವರು ಊರನ್ನು ಬಿಡುವ ಮೊದಲು ಆಲ್ಕೊಳವನ್ನು ಹಾದು ಹೋಗಬೇಕು. ಈ ದಾರಿಯನ್ನು ಕಂಡವರಿಗೆ ಒಂದು ಸಂಗತಿ ನೆನಪಿರಬಹುದು. ಆನಂದಪುರದ ಸಮೀಪದ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಗುರುವಾರ ಮತ್ತು ಭಾನುವಾರಗಳಂದು ಮರದ ತೊಗಟೆಯೇ ಮೊದಲಾದ ಔಷಧಗಳನ್ನು ಕೊಡುತ್ತಿದ್ದ ಕಾಲದಲ್ಲಿ, ದೂರದ ರಾಜ್ಯಗಳಿಂದಲೂ ಕ್ಯಾನ್ಸರ್ ರೋಗಿಗಳು ಇದೇ ರಸ್ತೆಯಲ್ಲಿ ಹೋಗುತ್ತಿದ್ದರು. ವೈದ್ಯರು ೨೦೨೦ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಅವರ ಔಷಧದ ಗುಣಾವಗುಣಗಳು ಈ ಲೇಖನದ ವಿಷಯವಲ್ಲ. ಆದರೆ ಅಷ್ಟು ಜನರನ್ನು ಅಷ್ಟು ದೂರ ನಡೆಸಿಕೊಂಡು ಬಂದ ಆಸೆಯೊಂದುಂಟು. ಗಿಡಮರಗಳಲ್ಲಿ ಎಲ್ಲಿಯೋ ನಮ್ಮ ನೋವಿಗೆ ಮದ್ದು ಇದ್ದೇ ಇದೆ ಎಂಬ ಆಸೆ. ಅದರಲ್ಲಿ ಎಷ್ಟು ಪಾಲು ನಿಜ ಎಂಬುದನ್ನು ರೋಗದ ಒಂದು ಚಿಕ್ಕ ಮೂಲೆಯಲ್ಲಿಯಾದರೂ ಪರೀಕ್ಷಿಸಿ ನೋಡಬಹುದು. ಆ ಮೂಲೆ ಯಾವುದೆಂದರೆ, ರೋಗಿಯ ಬಾಯಿ.

ಈ ವಿಷಯವನ್ನು ನಾವು ಎತ್ತಿಕೊಳ್ಳುವುದಕ್ಕೆ ಕಾರಣವೊಂದುಂಟು. ಆಲ್ಕೊಳದಲ್ಲಿ ನೆಲಸಿರುವ, ನಮಗೆ ಬಹುಕಾಲದಿಂದ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಆಯಿತು. ನಲವತ್ತು ವರ್ಷ ಕವಳ ಹಾಕಿದ ಬಾಯಿ. ಶಸ್ತ್ರಚಿಕಿತ್ಸೆ ಮುಗಿದು, ಮೂವತ್ತು ದಿನಗಳ ವಿಕಿರಣ ಚಿಕಿತ್ಸೆ ಆರಂಭವಾಗಿತ್ತು. ಮೂರನೆಯ ವಾರದಲ್ಲಿ ನಾವು ನೋಡಲು ಹೋದಾಗ ಮೇಷ್ಟರು ಮಾತನಾಡಲಿಲ್ಲ. ಸ್ಲೇಟಿನ ಮೇಲೆ ಬರೆದು ತೋರಿಸಿದರು. ಬಾಯಿಯ ಒಳಗೆಲ್ಲ ಕೆಂಪಾಗಿ, ನಡುನಡುವೆ ಬಿಳಿಯ ಪೊರೆ ಕಟ್ಟಿತ್ತು. ನೀರು ನುಂಗಿದರೂ ಕೆಂಡ ನುಂಗಿದಂತೆ ಎಂದು ಬರೆದರು. ಅವರ ಪತ್ನಿ ನಮ್ಮನ್ನು ಜಗಲಿಗೆ ಕರೆದು ಮೂರು ಪ್ರಶ್ನೆಗಳನ್ನು ಕೇಳಿದರು: ಅರಿಸಿನದ ನೀರಿನಲ್ಲಿ ಬಾಯಿ ಮುಕ್ಕಳಿಸಬಹುದೆ? ಜೇನುತುಪ್ಪ ಸವರಬಹುದೆ? ಈ ‘ಕರೆಂಟು’ ಕೊಡಿಸುವುದನ್ನು ಒಂದು ಹದಿನೈದು ದಿನ ನಿಲ್ಲಿಸಿ, ಬಾಯಿ ಮಾಗಿದ ಮೇಲೆ ಮುಂದುವರಿಸಬಹುದೆ?

ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಹೇಳಲು ನಮಗೆ ಸ್ವಲ್ಪ ಓದಬೇಕಾಯಿತು. ಮೂರನೆಯದಕ್ಕೆ ಮಾತ್ರ ಉತ್ತರವನ್ನು ಅಲ್ಲಿಯೇ ಹೇಳಿಬಿಟ್ಟೆವು: ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಕೂಡದು. ಏಕೆಂಬುದನ್ನು ಮುಂದೆ ವಿವರಿಸುತ್ತೇವೆ.

ಬಾಯಿಯ ಒಳಗೋಡೆಯನ್ನು ಹೊದಿಸಿರುವ ತೆಳುವಾದ ಒದ್ದೆ ಪೊರೆಗೆ ಲೋಳೆಪೊರೆ ಎಂದು ಹೆಸರು. ಬಿಸಿ, ಕಾರ, ಗಟ್ಟಿ ಪದಾರ್ಥಗಳ ಉಜ್ಜಾಟ, ಇವುಗಳಿಂದ ಅದು ದಿನವೂ ಸವೆಯುತ್ತಲೇ ಇರುತ್ತದೆ. ಆ ಸವೆತವನ್ನು ತುಂಬಿಕೊಡುವುದಕ್ಕಾಗಿ ಪೊರೆಯ ತಳದಲ್ಲಿರುವ ಜೀವಕೋಶಗಳು ಎಡೆಬಿಡದೆ ಒಡೆದು ಇಮ್ಮಡಿಯಾಗುತ್ತ, ಹೊಸ ಕೋಶಗಳನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಸುಮಾರು ಒಂದೆರಡು ವಾರಗಳಿಗೊಮ್ಮೆ ನಮ್ಮ ಬಾಯಿಗೆ ಹೊಸ ಒಳಹೊದಿಕೆ ಬಂದಿರುತ್ತದೆಂದರೆ ತಪ್ಪಾಗದು. ಅತಿ ವೇಗವಾಗಿ ಒಡೆಯುವುದು ಕ್ಯಾನ್ಸರ್ ಕೋಶಗಳ ಸ್ವಭಾವವೂ ಹೌದು. ಒಡೆಯುತ್ತಿರುವ ಕೋಶವನ್ನು ಹುಡುಕಿ ಕೊಲ್ಲುವ ಔಷಧಕ್ಕೆ ಇವೆರಡರ ವ್ಯತ್ಯಾಸ ಪೂರ್ತಿಯಾಗಿ ತಿಳಿಯದು. ಕಳೆಗೆಂದು ಚೆಲ್ಲಿದ ಮದ್ದು ಪೈರಿಗೂ ತಗಲುತ್ತದೆ. ಔಷಧ ಚಿಕಿತ್ಸೆಯಲ್ಲಿ, ಅಂದರೆ ಕೀಮೊಥೆರಪಿಯಲ್ಲಿ, ಸುಮಾರು ಒಂದು ವಾರದೊಳಗೆ ಬಾಯಿ ಹುಣ್ಣಾಗಬಹುದು. ವಿಕಿರಣ ಚಿಕಿತ್ಸೆಯಲ್ಲಿ ಎರಡನೆಯ ವಾರದ ಕೊನೆಗೆ ಉರಿ ತೊಡಗಿ, ಚಿಕಿತ್ಸೆ ಮುಗಿಯುವ ತನಕ ಏರುತ್ತ ಹೋಗಿ, ಮುಗಿದ ಎರಡರಿಂದ ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ.

ಹಿಂದೆ ಈ ಹುಣ್ಣನ್ನು ಬರಿಯ ಸುಟ್ಟ ಗಾಯವೆಂದೇ ಭಾವಿಸಿದ್ದರು. ಅಮೆರಿಕದ ದಂತವೈದ್ಯ ವಿಜ್ಞಾನಿ ಸ್ಟೀಫನ್ ಸೋನಿಸ್ ಅವರ ಸಂಶೋಧನೆಗಳು ಈ ಅಭಿಪ್ರಾಯವನ್ನು ತಿದ್ದಿದವು. ಕಿರಣವು ಮೊದಲು ಪೊರೆಯ ಅಡಿಯಲ್ಲಿರುವ ಕೋಶಗಳನ್ನು ಗಾಯಗೊಳಿಸುತ್ತದೆ; ಆಗ ಹೊರಗೆ ಏನೂ ಕಾಣುವುದಿಲ್ಲ. ಗಾಯಗೊಂಡ ಕೋಶಗಳು ಉರಿಯೂತದ ಸಂಕೇತಗಳನ್ನು ಹೊರಡಿಸುತ್ತವೆ. ಆ ಸಂಕೇತಗಳನ್ನು ಕೇಳಿದ ನೆರೆಯ ಕೋಶಗಳು ಮತ್ತಷ್ಟು ಸಂಕೇತಗಳನ್ನು ಹೊರಡಿಸುತ್ತವೆ. ಹೀಗೆ ಕೂಗು ದೊಡ್ಡದಾಗುತ್ತ ಹೋಗಿ, ಕಡೆಗೆ ಪೊರೆ ಹರಿದು ಹುಣ್ಣಾಗುತ್ತದೆ. ಹರಿದ ಪೊರೆಯ ಮೇಲೆ ಬಾಯಿಯಲ್ಲಿ ಸದಾ ಇರುವ ಸೂಕ್ಷ್ಮಜೀವಿಗಳು ಮನೆಮಾಡುತ್ತವೆ. ಕೊನೆಯದು ಮಾಗುವ ಹಂತ. ಈ ಐದು ಹಂತಗಳನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಮನೆಮದ್ದುಗಳ ವಿಚಾರ ಸುಲಭವಾಗುವುದು. ಏಕೆಂದರೆ ಯಾವುದೇ ಮದ್ದು ಕೆಲಸ ಮಾಡಬೇಕಾದರೆ ಉರಿಯೂತದ ಕೂಗನ್ನು ತಗ್ಗಿಸಬೇಕು, ಇಲ್ಲವೆ ಸೂಕ್ಷ್ಮಜೀವಿಗಳನ್ನು ಹಿಮ್ಮೆಟ್ಟಿಸಬೇಕು, ಇಲ್ಲವೆ ಹುಣ್ಣಿನ ಮೇಲೆ ಒಂದು ಹೊದಿಕೆಯಾಗಿ ನಿಲ್ಲಬೇಕು.

ಈಗ ಮೂರನೆಯ ಪ್ರಶ್ನೆ. ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ೬೦ರಿಂದ ೭೦ ಗ್ರೇ ಪ್ರಮಾಣದ ವಿಕಿರಣವನ್ನು, ದಿನಕ್ಕೆ ಸುಮಾರು ೨ ಗ್ರೇಯಂತೆ, ವಾರಕ್ಕೆ ಐದು ದಿನ, ಆರೇಳು ವಾರಗಳ ಕಾಲ ಕೊಡುತ್ತಾರೆ. ಹೀಗೆ ಕಂತುಗಳಲ್ಲಿ ಕೊಡುವುದು ಆರೋಗ್ಯವಂತ ಕೋಶಗಳಿಗೆ ಚೇತರಿಸಿಕೊಳ್ಳಲು ಸಮಯ ಸಿಗಲೆಂದು. ಆದರೆ ಆ ಸಮಯ ಕ್ಯಾನ್ಸರ್ ಕೋಶಗಳಿಗೂ ಸಿಗುತ್ತದೆ. ಅದರಲ್ಲಿಯೂ ಸುಮಾರು ನಾಲ್ಕನೆಯ ವಾರದಿಂದೀಚೆಗೆ, ಅಳಿದುಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ಹೆಚ್ಚು ವೇಗದಿಂದ ಬೆಳೆಯತೊಡಗುತ್ತವೆ ಎಂಬುದನ್ನು ೧೯೮೮ರಲ್ಲಿ ವಿದರ್ಸ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. ಚಿಕಿತ್ಸೆ ಒಂದು ದಿನ ತಡವಾದರೆ ರೋಗ ಹತೋಟಿಗೆ ಬರುವ ಸಂಭವ ಸುಮಾರು ಶೇಕಡ ೧ರಿಂದ ೧.೪ರಷ್ಟು ಕುಗ್ಗುವುದೆಂದು ಲೆಕ್ಕ ಹಾಕಿದ್ದಾರೆ. ಹದಿನೈದು ದಿನದ ಬಿಡುವಿನ ಬೆಲೆಯನ್ನು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ಬಾಯಿಹುಣ್ಣು ಬರಿಯ ನೋವಿನ ಮಾತಲ್ಲ. ನೋವನ್ನು ತಾಳಲಾರದೆ ರೋಗಿಯು ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಬಿಡುವುದು, ಊಟ ಬಿಟ್ಟು ತೂಕ ಕಳೆದುಕೊಂಡು ಮಂಚ ಹಿಡಿಯುವುದು, ಇವೇ ನಿಜವಾದ ಅಪಾಯಗಳು. ಆದುದರಿಂದ ಬಾಯಿಗೆ ಸ್ವಲ್ಪ ತಂಪು ತರುವ ಅಗ್ಗದ ಮದ್ದು ಸಿಕ್ಕಿದರೂ ಅದು ಸಣ್ಣ ಸಂಗತಿಯಲ್ಲ.

ಮದ್ದುಗಳಲ್ಲಿ ಮೊದಲನೆಯ ಸ್ಥಾನ, ಯಾರಿಗೂ ಬೆರಗು ಹುಟ್ಟಿಸದ ಒಂದು ವಸ್ತುವಿಗೆ ಸಲ್ಲಬೇಕು. ಅದು ನೀರು. ಒಂದು ಲೋಟ ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಬೆರೆಸಿ, ಎಚ್ಚರವಿರುವಾಗ ಎರಡು ಮೂರು ಗಂಟೆಗಳಿಗೊಮ್ಮೆ, ಊಟವಾದೊಡನೆ ತಪ್ಪದೆ, ಬಾಯಿ ಮುಕ್ಕಳಿಸಿ ಉಗುಳುವುದು. ಇದು ಹುಣ್ಣನ್ನು ತಡೆಯುವುದೆಂದು ಯಾರೂ ಖಚಿತಪಡಿಸಿಲ್ಲ. ಆದರೆ ಅಂಟು ಲೋಳೆಯನ್ನು ಬಿಡಿಸುತ್ತದೆ, ಆಮ್ಲವನ್ನು ಅಡಗಿಸುತ್ತದೆ, ಅನ್ನದ ಅಗುಳು ಹುಣ್ಣಿನಲ್ಲಿ ಕೂಡದಂತೆ ನೋಡಿಕೊಳ್ಳುತ್ತದೆ. ಯಾರಿಗೂ ಕೆಡುಕು ಮಾಡುವುದಿಲ್ಲ. ಅಂಗಡಿಯಲ್ಲಿ ದೊರೆಯುವ, ಬಾಯಿಗೆ ಚುರುಕು ಮುಟ್ಟಿಸುವ ಬಣ್ಣಬಣ್ಣದ ದ್ರಾವಣಗಳಲ್ಲಿ ಅನೇಕವು ಮದ್ಯಸಾರವುಳ್ಳವು. ಅವು ಹುಣ್ಣಾದ ಬಾಯಿಗೆ ಸಲ್ಲವು.

ಬಾಯಿ ಮುಕ್ಕಳಿಸುವುದು ನಮ್ಮಲ್ಲಿ ಹೊಸ ಉಪಾಯವಲ್ಲ. ಆಯುರ್ವೇದವು ಇದನ್ನು ಎರಡು ಬಗೆಯಾಗಿ ವಿಂಗಡಿಸಿದೆ. ಬಾಯಿಯಲ್ಲಿ ದ್ರವವನ್ನು ಆಡಿಸಿ ಉಗುಳುವುದು ಕವಲ. ಬಾಯಿ ತುಂಬ ತುಂಬಿಕೊಂಡು ಅಲುಗಿಸದೆ ಹಿಡಿದಿಡುವುದು ಗಂಡೂಷ. ಮಲೆನಾಡಿನಲ್ಲಿ ಎಲೆ ಅಡಿಕೆ ಮೆಲ್ಲುವುದಕ್ಕೆ ‘ಕವಳ ಹಾಕುವುದು’ ಎನ್ನುತ್ತೇವಷ್ಟೆ. ಎರಡಕ್ಕೂ ಮೂಲ ಒಂದೇ ಶಬ್ದ, ಬಾಯಿ ತುಂಬುವಷ್ಟು ತುತ್ತು ಎಂದು ಅರ್ಥ. ನಮ್ಮ ಜಿಲ್ಲೆಯ ಬದುಕು ನಿಂತಿರುವುದೇ ಅಡಿಕೆಯ ಮೇಲೆ ಎಂಬುದು ನಿಜ. ಆದರೆ ಅಡಿಕೆಯು ಹೊಗೆಸೊಪ್ಪಿಲ್ಲದೆಯೂ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ೨೦೦೪ರಲ್ಲಿ ಪ್ರಕಟವಾದ ವರದಿಯಲ್ಲಿ ನಿರ್ಣಯಿಸಿದೆಯೆಂಬುದೂ ನಿಜ. ತೋಟದ ಮಾಲೀಕರಿಗೆ ಈ ಮಾತು ರುಚಿಸದು. ನಮಗೂ ಬರೆಯಲು ಹಿತವಿಲ್ಲ.

ಇನ್ನು ಅರಿಸಿನ. ನಮ್ಮ ಅಜ್ಜಿಯರು ಗಾಯಕ್ಕೆ ಅರಿಸಿನ ಹಚ್ಚಿದ್ದನ್ನು ನೋಡದವರಿಲ್ಲ. ಅದರ ಹಳದಿ ಬಣ್ಣಕ್ಕೆ ಮುಖ್ಯ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯದ ರಚನೆಯನ್ನು ೧೯೧೦ರಲ್ಲಿ ಗುರುತಿಸಿದರು. ಪುಡಿಯಲ್ಲಿ ಅದು ಇರುವುದು ನೂರಕ್ಕೆ ಎರಡರಿಂದ ಐದು ಭಾಗದಷ್ಟು. ಉರಿಯೂತದ ಸಂಕೇತಗಳನ್ನು ಅದು ತಗ್ಗಿಸುವುದೆಂಬುದು ಪ್ರಯೋಗಶಾಲೆಯ ಕೋಶಗಳಲ್ಲಿ ಕಂಡುಬಂದಿದೆ. ಪ್ರಯೋಗಶಾಲೆಯ ಗಾಜಿನ ತಟ್ಟೆಯಿಂದ ರೋಗಿಯ ಬಾಯಿಗೆ ಬಹಳ ದೂರವಿದೆ. ಆ ದೂರವನ್ನು ಕ್ರಮಿಸಲು ಯತ್ನಿಸಿದವರು ನಮ್ಮ ರಾಜ್ಯದವರೇ ಎಂಬುದು ಸಂತೋಷದ ವಿಷಯ. ಮಂಗಳೂರಿನ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜಿನಲ್ಲಿ ಸುರೇಶ್ ರಾವ್ ಮತ್ತು ಅವರ ಸಂಗಡಿಗರು, ತಲೆ ಹಾಗೂ ಕತ್ತಿನ ಕ್ಯಾನ್ಸರಿಗೆ ವಿಕಿರಣ ಪಡೆಯುತ್ತಿದ್ದ ಸುಮಾರು ೮೦ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಅರಿಸಿನ ಬೆರೆಸಿದ ನೀರಿನಿಂದಲೂ, ಇನ್ನೊಂದು ಗುಂಪಿನವರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಪೊವಿಡೋನ್ ಅಯೋಡಿನ್ ದ್ರಾವಣದಿಂದಲೂ ದಿನಕ್ಕೆ ಆರು ಬಾರಿ ಬಾಯಿ ಮುಕ್ಕಳಿಸಿದರು. ೨೦೧೪ರಲ್ಲಿ ಅಚ್ಚಾದ ಅವರ ವರದಿಯ ಪ್ರಕಾರ, ಅರಿಸಿನದ ಗುಂಪಿನಲ್ಲಿ ಹುಣ್ಣು ತಡವಾಗಿ ತೋರಿತು. ತಾಳಲಾರದ ಹುಣ್ಣುಗಳು ಕಡಮೆಯಾಗಿದ್ದುವು. ರೋಗಿಗಳು ತೂಕ ಕಳೆದುಕೊಂಡುದೂ ಕಡಮೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ವಿಜ್ಞಾನವನ್ನು ಓದುವ ವಿದ್ಯಾರ್ಥಿಗಳು ಫಲಿತಾಂಶಕ್ಕಿಂತ ಮೊದಲು ಹೋಲಿಕೆಯನ್ನು ನೋಡಬೇಕು. ಅರಿಸಿನವನ್ನು ಇಲ್ಲಿ ಹೋಲಿಸಿದುದು ಅಯೋಡಿನ್ ದ್ರಾವಣದೊಡನೆ, ಬರಿಯ ಉಪ್ಪುನೀರಿನೊಡನೆ ಅಲ್ಲ. ಅರಿಸಿನವು ಹಿತ ಮಾಡಿತೋ, ಅಥವಾ ಅಯೋಡಿನ್ ಕೆಲವರ ಬಾಯಿಗೆ ಸ್ವಲ್ಪ ಉರಿ ಕೊಟ್ಟಿತೋ? ಈ ಒಂದು ಪ್ರಯೋಗದಿಂದಲೇ ಹೇಳಲಾಗದು. ಅದೂ ಅಲ್ಲದೆ ಅರಿಸಿನದ ನೀರನ್ನು ಬಾಯಿಗೆ ಹಾಕಿಕೊಂಡ ರೋಗಿಗೆ ತಾನು ಯಾವ ಗುಂಪಿನವನೆಂಬುದು ತಿಳಿಯದಿರುವುದು ಹೇಗೆ? ಅದರ ಬಣ್ಣ, ವಾಸನೆಗಳೇ ಗುಟ್ಟನ್ನು ಬಯಲು ಮಾಡುತ್ತವೆ. ಇಷ್ಟಿದ್ದರೂ ಮಂಗಳೂರಿನ ಕೆಲಸವನ್ನು ನಾವು ಬೆಲೆಯುಳ್ಳದ್ದೆಂದೇ ಭಾವಿಸುತ್ತೇವೆ. ಅಜ್ಜಿಯ ಮದ್ದನ್ನು ಹಾಡಿ ಹೊಗಳುವುದು ಸುಲಭ, ಹಳಿಯುವುದು ಇನ್ನೂ ಸುಲಭ. ೮೦ ಜನರ ಬಾಯಿಯನ್ನು ವಾರವಾರವೂ ಪರೀಕ್ಷಿಸಿ ಬರೆದಿಡುವುದು ಕಷ್ಟ.

ಜೇನಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಜೇನುತುಪ್ಪ ಹಳಸದಿರುವುದಕ್ಕೆ ಕಾರಣಗಳುಂಟು. ಅದರಲ್ಲಿ ಸಕ್ಕರೆ ಎಷ್ಟು ದಟ್ಟವಾಗಿದೆಯೆಂದರೆ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರನ್ನು ಅದು ಬಿಟ್ಟುಕೊಡುವುದಿಲ್ಲ. ಜೊತೆಗೆ ಅದು ಆಮ್ಲಗುಣವುಳ್ಳದ್ದು. ಹುಳುಗಳು ಸೇರಿಸಿದ ಒಂದು ಕಿಣ್ವದಿಂದ, ನೀರು ಬೆರೆತಾಗ ಅಲ್ಪ ಪ್ರಮಾಣದಲ್ಲಿ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ೨೦೦೩ರಲ್ಲಿ ಮಲೇಷ್ಯಾದಲ್ಲಿ ಬಿಸ್ವಾಲ್ ಮತ್ತು ಸಂಗಡಿಗರು ೪೦ ರೋಗಿಗಳ ಮೇಲೆ ಮೊದಲ ಪ್ರಯೋಗಗಳಲ್ಲೊಂದನ್ನು ನಡೆಸಿದರು. ಅವರಲ್ಲಿ ಅರ್ಧದಷ್ಟು ಜನ ವಿಕಿರಣಕ್ಕೆ ಹದಿನೈದು ನಿಮಿಷ ಮೊದಲು, ಹದಿನೈದು ನಿಮಿಷದ ನಂತರ ಮತ್ತು ಆರು ಗಂಟೆಗಳ ನಂತರ ೨೦ ಮಿಲಿಲೀಟರ್ ಜೇನನ್ನು ಬಾಯಿಯಲ್ಲಿ ಆಡಿಸಿ ನಿಧಾನವಾಗಿ ನುಂಗಿದರು. ತೀವ್ರ ಹುಣ್ಣು ಜೇನು ಪಡೆದವರಲ್ಲಿ ಶೇಕಡ ೨೦ ಮಂದಿಗೂ, ಪಡೆಯದವರಲ್ಲಿ ಶೇಕಡ ೭೫ ಮಂದಿಗೂ ಕಾಣಿಸಿತು. ೨೦೧೦ರಲ್ಲಿ ಮಂಗಳೂರಿನ ಮಣಿಪಾಲ ದಂತ ವೈದ್ಯಕೀಯ ಕಾಲೇಜಿನ ಖನಾಲ್, ಬಾಳಿಗ ಮತ್ತು ಉಪ್ಪಲ್ ಅವರು ಜೇನನ್ನು ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧದೊಡನೆ ಹೋಲಿಸಿ ನೋಡಿದರು. ಜೇನು ಪಡೆದ ೨೦ ಜನರಲ್ಲಿ ತಾಳಲಾರದ ಹುಣ್ಣಾದುದು ಒಬ್ಬರಿಗೆ ಮಾತ್ರ.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ೨೦೧೨ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ ಬೇರೆ ಸುದ್ದಿ ಬಂದಿತು. ಅಲ್ಲಿಯ ಸಂಶೋಧಕರು ೧೩೧ ರೋಗಿಗಳನ್ನು ತೆಗೆದುಕೊಂಡು, ಒಂದು ಗುಂಪಿಗೆ ನ್ಯೂಜಿಲೆಂಡಿನ ಪ್ರಸಿದ್ಧವಾದ ಮನೂಕಾ ಜೇನನ್ನೂ, ಇನ್ನೊಂದು ಗುಂಪಿಗೆ ಸಕ್ಕರೆಯ ಹೊಂಬಣ್ಣದ ಪಾಕವನ್ನೂ ಕೊಟ್ಟರು. ನೋಡುವುದಕ್ಕೆ, ನೆಕ್ಕುವುದಕ್ಕೆ ಎರಡೂ ಹೆಚ್ಚುಕಡಮೆ ಒಂದೇ. ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗೂ ತಿಳಿಯದು, ಬಾಯಿ ಪರೀಕ್ಷಿಸುವವರಿಗೂ ತಿಳಿಯದು. ಹುಣ್ಣಿನಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸವೇ ಕಾಣಲಿಲ್ಲ.

ಹಾಗಾದರೆ ಮಂಗಳೂರು ತಪ್ಪೆ, ಮ್ಯಾಂಚೆಸ್ಟರು ತಪ್ಪೆ? ಎರಡೂ ಅಲ್ಲದಿರಬಹುದು. ಪಾಕವೂ ಅಂಟಾಗಿ ಹುಣ್ಣನ್ನು ಮುಚ್ಚುತ್ತದೆ, ಸಕ್ಕರೆಯ ದಟ್ಟಣೆಯೂ ಅದರಲ್ಲಿದೆ; ಆದುದರಿಂದ ಅದನ್ನು ಏನೂ ಗುಣವಿಲ್ಲದ ವಸ್ತುವೆಂದು ಎಣಿಸಿದುದೇ ಸರಿಯಿರಲಾರದು. ಜೇನುಗಳಲ್ಲಿಯೂ ಭೇದವುಂಟು. ನಮ್ಮ ತುಡುವೆ ಜೇನಿನ ತುಪ್ಪ ಬೇರೆ, ಹೆಜ್ಜೇನಿನದು ಬೇರೆ, ಮಿಸರೆಯ ಹುಳಿಜೇನು ಬೇರೆ ಎಂಬುದನ್ನು ಮಲೆನಾಡಿನ ಹುಡುಗರಿಗೆ ಹೇಳಿಕೊಡಬೇಕಾಗಿಲ್ಲ. ಅಥವಾ ೪೦ ಜನರ ಪ್ರಯೋಗಗಳಲ್ಲಿ ಅದೃಷ್ಟದ ಪಾಲೂ ಸೇರಿದ್ದಿರಬಹುದು. ಇಂತಹ ಅನೇಕ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ, ಕ್ಯಾನ್ಸರ್ ರೋಗಿಗಳ ಪೋಷಕ ಚಿಕಿತ್ಸೆಗಾಗಿ ಇರುವ ಬಹುರಾಷ್ಟ್ರೀಯ ಸಂಘವು ೨೦೨೦ರಲ್ಲಿ ತನ್ನ ಮಾರ್ಗಸೂಚಿಯಲ್ಲಿ, ತಲೆ ಮತ್ತು ಕತ್ತಿನ ವಿಕಿರಣ ಪಡೆಯುವವರಲ್ಲಿ ಹುಣ್ಣನ್ನು ತಡೆಯಲು ಜೇನನ್ನು ‘ಸೂಚಿಸ’ಬಹುದು ಎಂದಿತು. ಈ ಮಾರ್ಗಸೂಚಿಯ ಭಾಷೆಯಲ್ಲಿ ಸೂಚನೆ ಎಂಬುದು ಶಿಫಾರಸಿಗಿಂತ ಒಂದು ಮೆಟ್ಟಿಲು ಕೆಳಗಿನ ಮಾತು. ಅರ್ಥಾತ್, ಆಧಾರವಿದೆ, ಗಟ್ಟಿಯಾದ ಆಧಾರವಿಲ್ಲ.

ಜೇನಿಗೆ ಎಚ್ಚರಿಕೆಗಳೂ ಇವೆ. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಬಳಸಬಾರದು. ಕೀಮೊಥೆರಪಿಯಿಂದ ರಕ್ತದ ಬಿಳಿಯ ಕಣಗಳು ಕುಸಿದಿರುವವರು ಕಾಡಿನಿಂದ ನೇರವಾಗಿ ತಂದ ಹಸಿ ಜೇನನ್ನು ಮುಟ್ಟಬಾರದು. ಅದರಲ್ಲಿ ಸೂಕ್ಷ್ಮಜೀವಿಗಳ ಬೀಜಕಣಗಳು ಇರಬಹುದು. ಜೊಲ್ಲು ಬತ್ತಿದ ಬಾಯಿಯಲ್ಲಿ ಸಿಹಿಯು ಹಲ್ಲನ್ನು ಬಲುಬೇಗ ಹುಳುಕಾಗಿಸುವುದು. ಆದುದರಿಂದ ಜೇನಿನ ಹಿಂದೆಯೇ ಉಪ್ಪುನೀರು ಬರಬೇಕು. ಅರಿಸಿನಕ್ಕೂ ಇಂತಹ ಮಾತುಂಟು. ಪೇಟೆಯ ಪುಡಿಯಲ್ಲಿ ಸೀಸದ ಕ್ರೋಮೇಟ್ ಮೊದಲಾದ ವಿಷದ ಬಣ್ಣಗಳ ಕಲಬೆರಕೆ ಕಂಡುಬಂದಿರುವುದರಿಂದ, ಕೊಂಬನ್ನು ಮನೆಯಲ್ಲಿಯೇ ಕುಟ್ಟಿಕೊಳ್ಳುವುದು ಲೇಸು. ಮುಕ್ಕಳಿಸಿ ಉಗುಳುವ ಅರಿಸಿನ ಒಂದು, ಕರ್ಕ್ಯುಮಿನ್ ತುಂಬಿದ ಗುಳಿಗೆಗಳನ್ನು ನುಂಗುವುದು ಇನ್ನೊಂದು. ಕರ್ಕ್ಯುಮಿನ್ ಕೆಲವು ಕ್ಯಾನ್ಸರ್ ಔಷಧಗಳ ಕೆಲಸಕ್ಕೆ ಅಡ್ಡಿಬರುವುದೆಂದು ಕೋಶಗಳ ಮೇಲೆ ಮತ್ತು ಇಲಿಗಳ ಮೇಲೆ ೨೦೦೨ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಮನುಷ್ಯರಲ್ಲಿ ಹಾಗಾಗುವುದೆಂದು ಸಾಬೀತಾಗದಿದ್ದರೂ, ವೈದ್ಯರಿಗೆ ಮರೆಮಾಚಿ ನುಂಗುವ ವಸ್ತುವಲ್ಲ ಅದು.

ಹೆಸರು ದೊಡ್ಡದಾಗಿದ್ದು ಪರೀಕ್ಷೆಯಲ್ಲಿ ನಪಾಸಾದ ಮದ್ದುಗಳೂ ಇವೆ. ಲೋಳೆಸರವನ್ನು ಎಲ್ಲರೂ ತಂಪೆನ್ನುತ್ತಾರೆ. ೨೦೦೪ರಲ್ಲಿ ೫೮ ರೋಗಿಗಳ ಮೇಲೆ ನಡೆದ ಗುಟ್ಟಿನ ಪ್ರಯೋಗದಲ್ಲಿ ಅದರ ರಸವು ವಿಕಿರಣದ ಹುಣ್ಣನ್ನು ತಡೆಯಲಿಲ್ಲ. ಯೂರೋಪಿನ ಅಜ್ಜಿಯರ ಕ್ಯಾಮೊಮೈಲ್ ಹೂವಿನ ಕಷಾಯ ೧೯೯೬ರಲ್ಲಿ ೧೬೪ ರೋಗಿಗಳಲ್ಲಿ ಅದೇ ಗತಿಯನ್ನು ಕಂಡಿತು. ಅತ್ತ, ಯಾವ ಗಿಡಮೂಲಿಕೆಯೂ ಅಲ್ಲದ ಬರಿಯ ಮಂಜುಗಡ್ಡೆ ಮೊದಲ ತರಗತಿಯಲ್ಲಿ ಪಾಸಾಗಿದೆ. ೫-ಫ್ಲೂರೊಯುರಾಸಿಲ್ ಎಂಬ ಔಷಧವನ್ನು ಒಮ್ಮೆಗೇ ರಕ್ತನಾಳಕ್ಕೆ ಚುಚ್ಚಿದರೆ, ಅದು ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಆ ಅರ್ಧ ಗಂಟೆ ಬಾಯಲ್ಲಿ ಮಂಜುಗಡ್ಡೆಯ ಚೂರುಗಳನ್ನು ಚೀಪುತ್ತಿದ್ದರೆ, ಚಳಿಗೆ ರಕ್ತನಾಳಗಳು ಕುಗ್ಗಿ, ಔಷಧ ಬಾಯಿಯ ಪೊರೆಗೆ ಹೆಚ್ಚು ತಲುಪುವುದಿಲ್ಲ. ಎಷ್ಟು ಸರಳವಾದ ಯೋಚನೆ! ಆದರೆ ಇದು ಎಲ್ಲ ಔಷಧಗಳಿಗೂ ಹೊಂದದು. ಆಕ್ಸಲಿಪ್ಲಾಟಿನ್ ಪಡೆಯುವವರಿಗೆ ತಣ್ಣಗಿನದು ಮುಟ್ಟಿದರೆ ಗಂಟಲು ಬಿಗಿದಂತಾಗುವುದರಿಂದ ಅವರು ಮಂಜನ್ನು ದೂರವಿಡಬೇಕು. ಮಣಿಪಾಲದ ಕಸ್ತೂರಬಾ ಆಸ್ಪತ್ರೆಯವರು ಮಂದವಾದ ಲೇಸರ್ ಬೆಳಕನ್ನು ಬಾಯಿಗೆ ಹಾಯಿಸಿ, ೨೨೧ ರೋಗಿಗಳಲ್ಲಿ ಒಳ್ಳೆಯ ಫಲ ಕಂಡುದನ್ನು ೨೦೧೨ರಲ್ಲಿ ಪ್ರಕಟಿಸಿದರು. ಅದು ಮನೆಮದ್ದಲ್ಲವಾದುದರಿಂದ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಹುಣ್ಣು ಮಾಗುತ್ತದೆ, ಒಣಗಿದ ಬಾಯಿ ಅಷ್ಟು ಸುಲಭವಾಗಿ ಮಾಗುವುದಿಲ್ಲ. ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸುರಿಯುತ್ತದೆ. ಕಿವಿಯ ಮುಂದಿರುವ ಜೊಲ್ಲುಗ್ರಂಥಿಗಳು ವಿಕಿರಣದ ದಾರಿಯಲ್ಲಿ ಸಿಕ್ಕಿಬಿದ್ದರೆ ಈ ಒರತೆ ಬತ್ತಿ, ಕೆಲವರಲ್ಲಿ ಶಾಶ್ವತವಾಗಿ ಕುಗ್ಗಿಬಿಡುವುದು. ಇದಕ್ಕೆ ಬ್ರೆಜಿಲಿನ ಕಾಡುಗಳಿಂದ ಒಂದು ಮದ್ದು ಬಂದಿದೆ. ಅಲ್ಲಿಯ ಜಬೊರಾಂಡಿ ಗಿಡದ ಎಲೆಯನ್ನು ಅಗಿದರೆ ಬಾಯಿತುಂಬ ಜೊಲ್ಲು ಸುರಿಯುವುದನ್ನು ಸ್ಥಳೀಯರು ಬಲ್ಲವರಾಗಿದ್ದರು. ೧೮೭೫ರಲ್ಲಿ ಆ ಎಲೆಯಿಂದ ಪೈಲೊಕಾರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ೧೯೯೪ರಲ್ಲಿ ವಿಕಿರಣದಿಂದ ಬತ್ತಿದ ಬಾಯಿಗೆ ಗುಳಿಗೆಯಾಗಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಎಲೆ ಗುಳಿಗೆಯಾಗಲು ನೂರ ಹತ್ತೊಂಬತ್ತು ವರ್ಷ! ಆ ಗುಳಿಗೆಯೂ ಬೆವರು ಹರಿಸುತ್ತದೆ, ಉಬ್ಬಸದವರಿಗೆ ಸಲ್ಲದು.

‘ನೈಸರ್ಗಿಕವಾದುದು ಕೆಡುಕು ಮಾಡದು’ ಎನ್ನುವವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಅಂಗಳದ ನಿತ್ಯಪುಷ್ಪವನ್ನು ನೋಡಿ. ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್ ಎಂಬ ಉಗ್ರವಾದ ಕ್ಯಾನ್ಸರ್ ಔಷಧಗಳು ಸಿಕ್ಕಿದುದು ಅದರಿಂದಲೇ. ೧೯೬೬ರಲ್ಲಿ ಚೀನದ ಮರವೊಂದರಲ್ಲಿ ಕಂಡುಬಂದ ಕ್ಯಾಂಪ್ಟೊಥೆಸಿನ್ ಎಂಬ ದ್ರವ್ಯವನ್ನು, ೧೯೭೨ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ನಾಥಪೊಡೈಟಿಸ್ ಎಂಬ ಸಣ್ಣ ಮರದಲ್ಲಿ ಕಂಡುಕೊಂಡರು. ರೋಗಿಯ ಬಾಯನ್ನು ಹುಣ್ಣು ಮಾಡುವ ಔಷಧಗಳಲ್ಲಿ ಕೆಲವು ಇಂತಹ ಗಿಡಮರಗಳ ಮಕ್ಕಳೇ. ನಿಸರ್ಗಕ್ಕೆ ನಮ್ಮ ಮೇಲೆ ದ್ವೇಷವೂ ಇಲ್ಲ, ಮಮತೆಯೂ ಇಲ್ಲ. ಯಾವ ವಸ್ತು, ಎಷ್ಟು, ಯಾರಿಗೆ ಎಂಬುದನ್ನು ನಾವೇ ನೋಡಿಕೊಳ್ಳಬೇಕು.

ಆಹಾರದಲ್ಲಿ ಮಾತ್ರ ಮಲೆನಾಡಿನ ಅಡುಗೆಮನೆ ಬಹಳ ಉದಾರವಾದುದು. ಮೆತ್ತಗೆ ಬೇಯಿಸಿದ ಅನ್ನದ ಗಂಜಿಗೆ ಒಂದು ಚಮಚ ತುಪ್ಪ, ಹೆಸರುಬೇಳೆಯ ಕಟ್ಟು, ಆರಿಸಿದ ರಾಗಿಯ ಗಂಜಿ, ಬಾಯಲ್ಲಿ ತಾನೇ ಜಾರಿ ಹೋಗುವ ಹಾಲುಬಾಯಿ, ಎಳನೀರು ಮತ್ತು ಅದರ ಗಂಜಿ. ತಂಬುಳಿಯೂ ಆಗಬಹುದು, ಆದರೆ ಮೆಣಸು ಹಾಕದೆ, ಸೊಪ್ಪನ್ನು ತುಪ್ಪದಲ್ಲಿ ಚೆನ್ನಾಗಿ ಬಾಡಿಸಿ, ಹುಳಿಯಿಲ್ಲದ ಮೊಸರಿನಲ್ಲಿ ಮಾಡಬೇಕು. ಹುಳಿಮಜ್ಜಿಗೆ ತಂಪೆಂದು ಕೊಡುವವರುಂಟು. ಹುಣ್ಣಿಗೆ ಅದು ಉಪ್ಪು ಸವರಿದಂತೆ. ಅಪ್ಪೆಮಿಡಿಯ ಜಾಡಿಯನ್ನು ರೋಗಿಯ ಕಣ್ಣಿಗೆ ಬೀಳದಂತೆ ಇಡುವುದೇ ದಯೆ. ಬಿಸಿಯಾಗಿ ಕೊಡಬಾರದು, ಉಗುರು ಬೆಚ್ಚಗೆ ಕೊಡಬೇಕು. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಏಳೆಂಟು ಬಾರಿ ಕೊಡಬೇಕು. ಇಷ್ಟಾದರೂ ನುಂಗಲಾಗದಿದ್ದರೆ, ಮೂಗಿನ ಮೂಲಕ ಆಹಾರದ ಕೊಳವೆ ಹಾಕಿಸಿಕೊಳ್ಳುವುದಕ್ಕೆ ಅಂಜಬಾರದು. ಜ್ವರ ಬಂದರೆ, ರಕ್ತ ಒಸರಿದರೆ, ಒರಸಿದರೆ ಎದ್ದು ಬರುವ ಮೊಸರಿನಂತಹ ಬಿಳಿಯ ಪೊರೆ ಕಟ್ಟಿದರೆ, ಅರಿಸಿನ ಜೇನುಗಳನ್ನು ಬದಿಗಿಟ್ಟು ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಅಂತಹ ಪೊರೆ ಸಾಮಾನ್ಯವಾಗಿ ಶಿಲೀಂಧ್ರದ ಸೋಂಕು. ಅದಕ್ಕೆ ಬೇರೆ ಔಷಧವಿದೆ.

ಹಲ್ಲಿನ ವಿಷಯವನ್ನು ಜನ ಬಹುವಾಗಿ ಮರೆಯುತ್ತಾರೆ. ವಿಕಿರಣ ಪಡೆದ ದವಡೆಯಲ್ಲಿ ಮುಂದೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಕೊಳೆಯುವ ಸಂಭವವುಂಟು. ಆದುದರಿಂದ ಕೀಳಬೇಕಾದ ಹಲ್ಲನ್ನು ಚಿಕಿತ್ಸೆಗೆ ಮೊದಲೇ ಕಿತ್ತು, ಗಾಯ ಮಾಯಲು ಬಿಡಬೇಕು. ಆಲ್ಕೊಳದವರಿಗೆ ಇದಕ್ಕಾಗಿ ದೂರ ಹೋಗಬೇಕಾಗಿಯೇ ಇಲ್ಲ. ಶರಾವತಿ ದಂತ ವೈದ್ಯಕೀಯ ಕಾಲೇಜು ಅಲ್ಲಿಯೇ ಇದೆ. ನಮ್ಮ ಮೇಷ್ಟರಿಗೆ ಈ ಮಾತನ್ನು ಹೇಳಿದವರು ಯಾರೂ ಇರಲಿಲ್ಲವಂತೆ. ಹುಳುಕು ದವಡೆಹಲ್ಲೊಂದು ಹಾಗೆಯೇ ಉಳಿದುಬಿಟ್ಟಿದೆ.

ಮಾರನೆಯ ವಾರ ನಾವು ಆ ಮನೆಗೆ ಮತ್ತೆ ಹೋಗಿ, ಓದಿ ತಿಳಿದುದನ್ನು ಹೇಳಿದೆವು. ಅವರ ಪತ್ನಿ ಮೊದಲು ಚಿಕಿತ್ಸೆಯ ವೈದ್ಯರನ್ನು ಕೇಳಿ, ಅವರು ಒಪ್ಪಿದ ಮೇಲೆ, ಕುಟ್ಟಿ ಸೋಸಿದ ಅರಿಸಿನದ ನೀರನ್ನೂ ಸೋಡಾ ನೀರನ್ನೂ ಸರದಿಯಲ್ಲಿ ಕೊಡತೊಡಗಿದರು. ಮೇಷ್ಟರಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಜೇನು ಬೇಡವೆಂದಾಯಿತು. ನೋವಿಗೆ ವೈದ್ಯರು ಔಷಧವನ್ನೂ ಹೆಚ್ಚಿಸಿದರು. ಹೀಗಾಗಿ ಮುಂದಿನ ವಾರಗಳು ತಾಳುವಂತಾದ ಕೀರ್ತಿ ಅರಿಸಿನದ್ದೋ, ಸೋಡಾದ್ದೋ, ಆ ಔಷಧದ್ದೋ ಹೇಳಲು ಬಾರದು. ಒಬ್ಬ ರೋಗಿಯಿಂದ ಅದು ತಿಳಿಯುವಂತಹುದೂ ಅಲ್ಲ. ಮೂವತ್ತು ದಿನಗಳನ್ನು ಒಂದನ್ನೂ ತಪ್ಪಿಸದೆ ಮುಗಿಸಿದರು.

ಈಚೆಗೆ ಹೋದಾಗ ಸ್ಲೇಟು ಗೋಡೆಯ ಮೊಳೆಗೆ ಏರಿತ್ತು. ಮಾತು ಸ್ವಲ್ಪ ತೊದಲು. ಬಾಯಿ ಒಣಗುವುದರಿಂದ ಪಕ್ಕದಲ್ಲಿ ಸದಾ ನೀರಿನ ಚೊಂಬು. ನಮಗೆ ಕಾಫಿ ಬಂದಿತು, ಅವರಿಗೂ ಅರ್ಧ ಲೋಟ, ಆರಿಸಿದ್ದು. ಕುಡಿದು, ಇನ್ನೂ ಕಬ್ಬಿಣದ ರುಚಿಯೇ, ಆದರೆ ಹೋದ ತಿಂಗಳಿಗಿಂತ ಸ್ವಲ್ಪ ಕಾಫಿಯ ಹಾಗಿದೆ ಎಂದರು.